ಹಳೆಯ ಬಿಲ್ಲೆಗಳ ಮೇಲೆ ಹೊಸ ಅಳತೆ

ಅಮೆರಿಕದ ನ್ಯಾಷನಲ್ ಜಿಯೋಡೆಟಿಕ್ ಸರ್ವೆಯ ಚರಿತ್ರೆ ಬರೆಯುವವರು 1807 ರಿಂದ ತೊಡಗುವುದು ವಾಡಿಕೆ. ಅಧ್ಯಕ್ಷ ಥಾಮಸ್ ಜೆಫರ್ಸನ್ ಕರಾವಳಿಯ ಸರ್ವೆಗೆ ನಾಂದಿ ಹಾಕಿದ ವರ್ಷ ಅದು. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದಿದ್ದ ಫರ್ಡಿನಾಂಡ್ ಹಾಸ್ಲರ್ ಮುಂದೆ ಅದರ ಮೊದಲ ಮುಖ್ಯಸ್ಥರಾದರು. 1878 ರಲ್ಲಿ ಆ ಇಲಾಖೆ ಕೋಸ್ಟ್ ಅಂಡ್ ಜಿಯೋಡೆಟಿಕ್ ಸರ್ವೆ ಎನಿಸಿಕೊಂಡಿತು; 1970 ರಲ್ಲಿ ಸಾಗರ ಮತ್ತು ವಾಯುಮಂಡಲದ ಆಡಳಿತ ಸಂಸ್ಥೆಯಾದ ನೋವಾ ಹುಟ್ಟಿದಾಗ ಅದರ ಅಂಗವಾಗಿ ಇಂದಿನ ಹೆಸರು ಪಡೆಯಿತು. ಈ ಉದ್ದದ ಕಥೆಯಲ್ಲಿ 2014 ರಲ್ಲಿ ಆರಂಭವಾದ ಒಂದು ಕೆಲಸ ಸಣ್ಣ ಅಡಿಟಿಪ್ಪಣಿಯಾಗಿ ಉಳಿದುಬಿಡುವ ಸಾಧ್ಯತೆ ಇದೆ. ದೇಶದ ಸರ್ವೇಯರುಗಳು ತಮ್ಮೂರಿನ ಬೆಂಚ್ ಮಾರ್ಕುಗಳ, ಅಂದರೆ ಎತ್ತರ ಗುರುತಿಸಲು ನೆಟ್ಟ ಬಿಲ್ಲೆಗಳ ಮೇಲೆ ತಮ್ಮದೇ ಜಿಪಿಎಸ್ ರಿಸೀವರ್ ಇಟ್ಟು, ಕೆಲವು ಗಂಟೆ ಉಪಗ್ರಹಗಳನ್ನು ಆಲಿಸಿ, ಆ ದತ್ತಾಂಶವನ್ನು ಸಂಸ್ಥೆಗೆ ಉಚಿತವಾಗಿ ಕೊಟ್ಟ ಕೆಲಸವದು. ಅದನ್ನು ಸರ್ವೇಯರುಗಳ ಉದಾರತೆಯ ಕಥೆಯೆಂದು ಹೇಳಿ ಮುಗಿಸುವುದು ಸುಲಭ. ಉದಾರತೆ ಇತ್ತು, ನಿಜ. ಆದರೆ ಅದೊಂದರಿಂದಲೇ ದೇಶದ ಎತ್ತರದ ಮಾದರಿ ಸುಧಾರಿಸುವುದಿಲ್ಲ. ಹೊರಗಿನವರ ಅರ್ಧ ದಿನದ ದುಡಿಮೆಯನ್ನು ರಾಷ್ಟ್ರೀಯ ಲೆಕ್ಕಕ್ಕೆ ಒಪ್ಪುವಂತೆ ಮಾಡಿದ್ದು ಸಂಸ್ಥೆ ಅದನ್ನು ಕೇಳಿದ ರೀತಿ. ಎಲ್ಲಿ ಅಳೆಯಬೇಕು, ಹೇಗೆ, ಎಷ್ಟು ಹೊತ್ತು ಎಂದು ನಿಖರವಾಗಿ ಹೇಳಿತು. ಅಳೆಯುವ ಹಕ್ಕನ್ನು ಹಂಚಿಕೊಂಡಿತು, ತೀರ್ಮಾನದ ಹೊಣೆಯನ್ನು ತನ್ನ ಬಳಿಯೇ ಇಟ್ಟುಕೊಂಡಿತು. ಈ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಸ್ಥಾನ ಸಲ್ಲಬೇಕು ಎಂಬುದು ಈ ಲೇಖನದ ವಾದ.

ಎತ್ತರ ಅಳೆಯುವುದು ಮೊದಲಿನಿಂದಲೂ ದುಬಾರಿ ಕೆಲಸ. ಲೆವೆಲ್ ಯಂತ್ರವನ್ನು ನಡುವೆ ನಿಲ್ಲಿಸಿ, ಹಿಂದೊಂದು ಮುಂದೊಂದು ಸ್ಟಾಫ್ ಎಂಬ ಅಳತೆಕೋಲು ಹಿಡಿಸಿ, ಎರಡರ ವ್ಯತ್ಯಾಸ ಬರೆದುಕೊಂಡು, ಕೆಲವು ಹತ್ತು ಮೀಟರ್ ಮುಂದೆ ಸಾಗಿ ಮತ್ತೆ ಅದನ್ನೇ ಮಾಡಬೇಕು; ಇದೇ ಲೆವೆಲಿಂಗ್. ಅಮೆರಿಕದಲ್ಲಿ ಜಿಯೋಡೆಟಿಕ್ ಗುಣಮಟ್ಟದ ಮೊದಲ ಲೆವೆಲಿಂಗ್ ನಡೆದದ್ದು 1856-57 ರಲ್ಲಿ, ನ್ಯೂಯಾರ್ಕ್ ಕೊಲ್ಲಿ ಮತ್ತು ಹಡ್ಸನ್ ನದಿಯ ಉಬ್ಬರವಿಳಿತದ ಅಧ್ಯಯನಕ್ಕಾಗಿ. 1900 ರ ಹೊತ್ತಿಗೆ ಲೆವೆಲಿಂಗ್ ಸಾಲುಗಳ ಜಾಲ 21,000 ಕಿಲೋಮೀಟರ್ ದಾಟಿತ್ತು. 1929 ರಲ್ಲಿ ಅಮೆರಿಕದ 75,000 ಕಿಲೋಮೀಟರಿಗೂ ಹೆಚ್ಚು, ಕೆನಡಾದ 31,000 ಕಿಲೋಮೀಟರಿಗೂ ಹೆಚ್ಚು ಲೆವೆಲಿಂಗ್ ಸಾಲುಗಳನ್ನು ಒಟ್ಟುಗೂಡಿಸಿ, 26 ಉಬ್ಬರವಿಳಿತ ಮಾಪನ ಕೇಂದ್ರಗಳಲ್ಲಿ ಸರಾಸರಿ ಸಮುದ್ರ ಮಟ್ಟವನ್ನು ಸೊನ್ನೆ ಎಂದು ಹಿಡಿದು, ಇಡೀ ಜಾಲಕ್ಕೆ ಒಂದೇ ಲೆಕ್ಕ ಹಾಕಿದರು. ಇಲ್ಲಿ ಒಂದು ತೊಡಕಿತ್ತು. ಕಡಲು ಎಲ್ಲೆಡೆ ಒಂದೇ ಮಟ್ಟದಲ್ಲಿರುವುದಿಲ್ಲ. ನೀರಿನ ಉಷ್ಣತೆ, ಲವಣಾಂಶ, ಪ್ರವಾಹ, ಗಾಳಿ ಇವೆಲ್ಲ ಸೇರಿ ಪೆಸಿಫಿಕ್ ಕರಾವಳಿಯ ನೀರನ್ನು ಅಟ್ಲಾಂಟಿಕ್ ಕರಾವಳಿಯದಕ್ಕಿಂತ ಮೇಲಿಟ್ಟಿವೆ. ಎರಡೂ ಕಡೆ ಸೊನ್ನೆ ಎಂದು ಹಿಡಿದಾಗ ಆ ವ್ಯತ್ಯಾಸ ದೇಶದ ಒಳನಾಡಿನ ಎತ್ತರಗಳೊಳಗೆ ತಪ್ಪಾಗಿ ಹಂಚಿಹೋಯಿತು. ಭಾರತದ ಚರಿತ್ರೆಯಲ್ಲೂ ಇದೇ ಮಾರ್ಗ ಕಾಣುತ್ತದೆ. 1858 ರಲ್ಲಿ ತೊಡಗಿದ ಇಲ್ಲಿನ ಲೆವೆಲಿಂಗ್ ಜಾಲವನ್ನು 1909 ರಲ್ಲಿ ಹೊಂದಿಸಿದಾಗ ಒಂಬತ್ತು ಬಂದರುಗಳ ಸಮುದ್ರ ಮಟ್ಟವನ್ನು ಆಧಾರವಾಗಿ ಹಿಡಿದಿದ್ದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಆ ಕಾಲದ ಉಪಕರಣ ಮತ್ತು ತಿಳಿವಳಿಕೆಗೆ ಅದು ಒಪ್ಪುವ ನಿರ್ಧಾರವೇ ಆಗಿತ್ತು.

ಅಮೆರಿಕ ಈ ತೊಡಕನ್ನು ಬಿಡಿಸಲು ಹೊರಟಾಗ ಇನ್ನೊಂದು ತುದಿಗೆ ಹೋಯಿತು. 1991 ರಲ್ಲಿ ಪ್ರಕಟವಾದ, 1988 ರ ಹೆಸರು ಹೊತ್ತ ಹೊಸ ಎತ್ತರದ ವ್ಯವಸ್ಥೆ ಒಂದೇ ಒಂದು ಬಿಂದುವನ್ನು ಆಧಾರವಾಗಿ ಹಿಡಿಯಿತು: ಕೆನಡಾದ ಕ್ವಿಬೆಕ್ ಪ್ರಾಂತ್ಯದ ರಿಮೂಸ್ಕಿಯಲ್ಲಿ, ಸೇಂಟ್ ಲಾರೆನ್ಸ್ ನದಿಯ ದಡದಲ್ಲಿರುವ ಫಾದರ್ ಪಾಯಿಂಟ್. ಇದಕ್ಕಾಗಿ 81,500 ಕಿಲೋಮೀಟರ್ ಮತ್ತೆ ಲೆವೆಲ್ ಮಾಡಿದರು. 1929 ರ ನಂತರ ಸೇರಿದ್ದ ಸುಮಾರು 6,25,000 ಕಿಲೋಮೀಟರಿನ ಅಳತೆಯನ್ನೂ ಲೆಕ್ಕಕ್ಕೆ ತಂದರು. ಹಳೆಯದಕ್ಕೂ ಹೊಸದಕ್ಕೂ ಇದ್ದ ಅಂತರ ಕೆಲವೆಡೆ 40 ಸೆಂಟಿಮೀಟರ್ ಕೆಳಗೆ, ಕೆಲವೆಡೆ 150 ಸೆಂಟಿಮೀಟರ್ ಮೇಲೆ. ಆ ಕಾಲದ ದೊಡ್ಡ ಸಾಧನೆಯಿದು. ಆದರೂ ಒಂದೇ ಬಿಂದುವಿನಿಂದ ಖಂಡದ ಇನ್ನೊಂದು ಅಂಚಿನವರೆಗೆ ಸ್ಟಾಫ್ ಸಾಗಿಸಿದಾಗ ಪ್ರತಿ ನಿಲುಗಡೆಯ ಕಣದಷ್ಟು ತಪ್ಪು ಕೂಡುತ್ತ ಹೋಗುತ್ತದೆ. 2002 ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವವನ್ನು ಅಳೆದ ಮೇಲೆ, ಇಡೀ ವ್ಯವಸ್ಥೆ ಆಗ್ನೇಯದಿಂದ ವಾಯವ್ಯಕ್ಕೆ ಹೆಚ್ಚುಕಡಿಮೆ ಒಂದು ಮೀಟರಿನಷ್ಟು ವಾಲಿದೆ ಎಂಬುದು ಖಚಿತವಾಯಿತು. ಇನ್ನೊಮ್ಮೆ ದೇಶವನ್ನೆಲ್ಲ ಲೆವೆಲ್ ಮಾಡುವುದು ಯಾರ ಬೊಕ್ಕಸಕ್ಕೂ ಎಟುಕುವಂಥದ್ದಲ್ಲ. ವಿಮಾನದಿಂದ ಗುರುತ್ವವನ್ನು ಅಳೆದು, ಅದರಿಂದ ಹೊಸ ಆಧಾರ ಕಟ್ಟುವ ಗ್ರಾವ್-ಡಿ ಯೋಜನೆಯನ್ನು ಸಂಸ್ಥೆ 2007 ರಲ್ಲಿ ಮುಂದಿಟ್ಟಿತು.

ಸ್ವಯಂಸೇವಕರ ಅಳತೆ ಈ ಚಿತ್ರದಲ್ಲಿ ಎಲ್ಲಿ ಕೂರುತ್ತದೆ ಎಂದು ತಿಳಿಯಲು ಜಿಪಿಎಸ್ ಕೊಡುವ ಎತ್ತರ ಯಾವುದೆಂದು ನೋಡಬೇಕು. ಉಪಗ್ರಹಗಳಿಗೆ ಸಮುದ್ರ ಮಟ್ಟ ಗೊತ್ತಿಲ್ಲ. ಭೂಮಿಯ ಆಕಾರಕ್ಕೆ ಹತ್ತಿರವಾದ, ಗಣಿತದಲ್ಲಿ ಮಾತ್ರ ಇರುವ ನುಣುಪಾದ ಎಲಿಪ್ಸಾಯ್ಡಿನಿಂದ ಎಷ್ಟು ಮೇಲಿದ್ದೇವೆ ಎಂಬುದನ್ನಷ್ಟೇ ಅವು ಹೇಳಬಲ್ಲವು. ನೀರು ಹರಿಯುವುದು ಗುರುತ್ವದ ಮಾತು ಕೇಳಿ. ಕಡಲಿನ ಶಾಂತ ಮೇಲ್ಮೈಯನ್ನು ನೆಲದಡಿಯಲ್ಲೂ ಮುಂದುವರಿಸಿದರೆ ಸಿಗುವ, ಏರುತಗ್ಗಿನ ಜಿಯಾಯ್ಡ್ ಮೇಲ್ಮೈಯಿಂದ ಅಳೆದ ಎತ್ತರವೇ ಕಾಲುವೆಗೂ ಸೇತುವೆಗೂ ಬೇಕಾದದ್ದು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಜಿಯಾಯ್ಡ್ ಎಲ್ಲೆಡೆ ಎಲಿಪ್ಸಾಯ್ಡಿಗಿಂತ ಕೆಳಗಿದೆ. ಕೆಲವೆಡೆ 10 ಮೀಟರಿಗೂ ಕಡಿಮೆ, ಕೆಲವೆಡೆ 30 ಮೀಟರಿಗೂ ಹೆಚ್ಚು. ಜಿಯಾಯ್ಡಿನ ಅತಿ ಆಳದ ತಗ್ಗು ಶ್ರೀಲಂಕಾದ ದಕ್ಷಿಣದ ಕಡಲಿನಲ್ಲಿರುವುದರಿಂದ ನಮ್ಮ ಬೆಂಗಳೂರಿನಲ್ಲಿ ಈ ಅಂತರ 80 ಮೀಟರಿಗೂ ಹೆಚ್ಚು. ಈ ಅಂತರವನ್ನು ಊರೂರಿಗೆ ಹೇಳುವ ಮಾದರಿ ಕೈಯಲ್ಲಿದ್ದರೆ, ಜಿಪಿಎಸ್ ಎತ್ತರಕ್ಕೆ ಅದನ್ನು ಕೂಡಿಸಿ ಬೇಕಾದ ಎತ್ತರ ಪಡೆಯಬಹುದು; ಲೆವೆಲಿಂಗಿಗೆ ವಾರಗಳು ಹಿಡಿಯುವ ಕಡೆ ಗಂಟೆಗಳು ಸಾಕು. ಆದರೆ ಗುರುತ್ವದಿಂದ ಮಾತ್ರ ಕಟ್ಟಿದ ಮಾದರಿ ವಾಲಿರುವ 1988 ರ ವ್ಯವಸ್ಥೆಯೊಡನೆ ಹೊಂದುವುದಿಲ್ಲ. ಕಾನೂನು, ನಕ್ಷೆ, ಗುತ್ತಿಗೆಯ ಕಾಗದಪತ್ರಗಳೆಲ್ಲ ಆ ವ್ಯವಸ್ಥೆಯಲ್ಲಿವೆ. ಆದ್ದರಿಂದ ಲೆವೆಲಿಂಗಿನ ಎತ್ತರವೂ ಜಿಪಿಎಸ್ ಎತ್ತರವೂ ಎರಡೂ ತಿಳಿದಿರುವ ಬೆಂಚ್ ಮಾರ್ಕುಗಳನ್ನು ಹುಡುಕಿ, ಆ ಬಿಂದುಗಳಿಗೆ ತಾಗುವಂತೆ ಗುರುತ್ವದ ಮಾದರಿಯನ್ನು ಬಾಗಿಸಿ, ಮಿಶ್ರ ಮಾದರಿಯೊಂದನ್ನು ತಯಾರಿಸುತ್ತಾರೆ. ಜಿಯಾಯ್ಡ್96 ರಿಂದ ಜಿಯಾಯ್ಡ್18 ರವರೆಗಿನ ಮಿಶ್ರ ಮಾದರಿಗಳು ಹೀಗೆ ಬಂದವು. ಅವುಗಳ ಗುಣಮಟ್ಟ ಇಂಥ ಜೋಡಿ ಬಿಂದುಗಳ ಸಂಖ್ಯೆ ಮತ್ತು ಹರಡುವಿಕೆಯನ್ನೇ ನಂಬಿರುತ್ತದೆ.

ಲೆವೆಲ್ ಮಾಡಿದ ಬೆಂಚ್ ಮಾರ್ಕುಗಳು ಲಕ್ಷಗಟ್ಟಲೆ ಇದ್ದವು. ಜಿಪಿಎಸ್ ಕಂಡವು ಅದರಲ್ಲೊಂದು ಸಣ್ಣ ಪಾಲು. ಸಂಸ್ಥೆಯ ಕ್ಷೇತ್ರಕಾರ್ಯದ ತಂಡಗಳು ಹಿಂದಿನಂತೆ ದೊಡ್ಡದಾಗಿರಲಿಲ್ಲ. ಅದೇ ಹೊತ್ತಿಗೆ ಹೊರಗೆ, ಸಣ್ಣ ಸಣ್ಣ ಪಟ್ಟಣಗಳ ಸರ್ವೆ ಕಚೇರಿಗಳಲ್ಲೂ ಎರಡು ಆವರ್ತನದ ಒಳ್ಳೆಯ ರಿಸೀವರುಗಳು ಬಂದಿದ್ದವು. 2014 ರ ಮಾರ್ಚ್ ತಿಂಗಳ ರಾಷ್ಟ್ರೀಯ ಸರ್ವೇಯರುಗಳ ವಾರದಲ್ಲಿ, ವೃತ್ತಿನಿರತ ಸರ್ವೇಯರುಗಳ ರಾಷ್ಟ್ರೀಯ ಸಂಘದ ಜೊತೆಗೂಡಿ ಸಂಸ್ಥೆ ಕರೆ ಕೊಟ್ಟಿತು. ಕೇಳಿದ್ದು ಇಷ್ಟು: ಬೆಂಚ್ ಮಾರ್ಕಿನ ಬಿಲ್ಲೆ ಇನ್ನೂ ಅಲ್ಲಿದೆಯೇ ಎಂದು ನೋಡಿ, ಅದರ ಫೋಟೋ ತೆಗೆಯಿರಿ, ಟ್ರೈಪಾಡ್ ನಿಲ್ಲಿಸಿ, ಆಂಟೆನಾದ ಎತ್ತರ ಅಳೆದು, ಕನಿಷ್ಠ ನಾಲ್ಕು ಗಂಟೆ ವೀಕ್ಷಣೆ ನಡೆಸಿ, ಆ ಕಡತವನ್ನು ಆಪಸ್ ಎಂಬ ಲೆಕ್ಕ ಹಾಕುವ ಸೇವೆಗೆ ಕೊಟ್ಟು, ಫಲಿತಾಂಶವನ್ನು ಎಲ್ಲರಿಗೂ ತೆರೆದಿಡಲು ಒಪ್ಪಿಗೆ ಕೊಡಿ. ಆಪಸ್ 2001 ರಿಂದಲೇ ನಡೆಯುತ್ತಿತ್ತು. ಸರ್ವೇಯರುಗಳು ತಮ್ಮ ನಿತ್ಯದ ಕೆಲಸಕ್ಕೆ ಅದನ್ನು ಬಳಸುತ್ತಲೇ ಇದ್ದರು. ಕೈಗೆ ಹತ್ತಿದ ಉಪಕರಣದಿಂದಲೇ ಕೆಲಸ ಕೇಳಿದ್ದು ಈ ಕರೆಯ ಜಾಣತನ. ಹೊರಗಿನವರ ನೆರವು ಈ ಸಂಸ್ಥೆಗೆ ಹೊಸದೂ ಆಗಿರಲಿಲ್ಲ. ದೋಣಿ ನಡೆಸುವ ಹವ್ಯಾಸಿಗಳ ಸಂಘವಾದ ಪವರ್ ಸ್ಕ್ವಾಡ್ರನ್ಸ್ ಸದಸ್ಯರೂ, ಮುಂದೆ ಜಿಯೋಕ್ಯಾಷಿಂಗ್ ಆಟದವರೂ ಬೆಂಚ್ ಮಾರ್ಕುಗಳನ್ನು ಹುಡುಕಿ ವರದಿ ಮಾಡುತ್ತಿದ್ದರು. ಆ ವರದಿಗಳು ಇಂದಿಗೂ ಬಿಂದುಗಳ ದಾಖಲೆಪತ್ರದಲ್ಲಿ ಅವರ ಗುರುತಿನೊಡನೆ ಇವೆ. ಆದರೆ ಅವರು ಹೇಳಿದ್ದು ಬಿಲ್ಲೆ ಇದೆ ಅಥವಾ ಇಲ್ಲ ಎಂದಷ್ಟೇ. ಅಂಕಿಗಳನ್ನೇ ಕೊಡಿ, ಅವು ರಾಷ್ಟ್ರದ ಮಾದರಿಯೊಳಗೆ ಸೇರುತ್ತವೆ ಎಂದು ಹೇಳಿದ್ದು ಬೇರೆಯೇ ಹೆಜ್ಜೆ.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ. ಯಾರೋ ಅಳೆದದ್ದನ್ನು ನಂಬುವುದು ಹೇಗೆ? ಎತ್ತರದ ಅಳತೆಯಲ್ಲಿ ಒಂದೆರಡು ಸೆಂಟಿಮೀಟರಿಗೂ ಬೆಲೆಯಿದೆ. ಆಂಟೆನಾದ ಮಾದರಿಯ ಹೆಸರನ್ನು ತಪ್ಪಾಗಿ ಆರಿಸಿದರೆ, ಅಥವಾ ಟ್ರೈಪಾಡಿನ ಎತ್ತರವನ್ನು ಓರೆಯಾಗಿ ಅಳೆದು ನೇರ ಎತ್ತರವೆಂದು ಬರೆದರೆ, ಎಷ್ಟು ಗಂಟೆ ಕಾದರೂ ಆ ತಪ್ಪು ಅಳಿಯುವುದಿಲ್ಲ. ಆಕ್ಷೇಪ ಸರಿಯಾದದ್ದೇ. ಸಂಸ್ಥೆ ಇದಕ್ಕೆ ಕೊಟ್ಟ ಉತ್ತರ ವ್ಯಕ್ತಿಯ ಅರ್ಹತೆಯನ್ನು ಪರೀಕ್ಷಿಸುವುದಾಗಿರಲಿಲ್ಲ. ಕಡತವನ್ನು ಪರೀಕ್ಷಿಸಿತು. ಸಾಕಷ್ಟು ವೀಕ್ಷಣೆ ಬಳಕೆಗೆ ಬಾರದಿದ್ದರೆ, ಸಂಕೇತದ ಅಲೆಗಳ ಎಣಿಕೆ ಸಾಕಷ್ಟು ಪೂರ್ಣಾಂಕಕ್ಕೆ ಕೂರದಿದ್ದರೆ, ಫಲಿತಾಂಶದ ಚದರುವಿಕೆ ಮಿತಿ ದಾಟಿದರೆ, ಆ ವೀಕ್ಷಣೆ ಹಂಚಿಕೆಗೆ ಸಲ್ಲುವುದೇ ಇಲ್ಲ. ಬಿಲ್ಲೆಯ ಮೇಲೆ ಅಚ್ಚೊತ್ತಿದ ಅಕ್ಷರಗಳು ಕಾಣುವ ಫೋಟೋ ಇರಬೇಕು. ಇಲ್ಲದಿದ್ದರೆ ಪಕ್ಕದ ಬಿಲ್ಲೆಯ ಮೇಲೆ ನಿಂತು ಅಳೆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಆಂಟೆನಾ ಎತ್ತರದ ತಪ್ಪಿಗೆ ಮದ್ದು ಎರಡನೆಯ ವೀಕ್ಷಣೆ: ಬೇರೊಂದು ದಿನ, ಬೇರೊಂದು ಹೊತ್ತಿನಲ್ಲಿ, ಟ್ರೈಪಾಡನ್ನು ಹೊಸದಾಗಿ ನಿಲ್ಲಿಸಿ ಮತ್ತೆ ನಾಲ್ಕು ಗಂಟೆ. ಉಪಗ್ರಹಗಳ ಜೋಡಣೆ ಬದಲಾಗಿರುತ್ತದೆ, ನಿಲ್ಲಿಸಿದ ರೀತಿ ಬದಲಾಗಿರುತ್ತದೆ. ಎರಡು ಉತ್ತರ ಹೊಂದಿದರೆ ನಂಬಿಕೆಗೆ ಆಧಾರ ಸಿಗುತ್ತದೆ, ಹೊಂದದಿದ್ದರೆ ಮೂರನೆಯದು ಬೇಕೆಂದು ತಿಳಿಯುತ್ತದೆ. ಇಲಾಖೆಯ ಸ್ವಂತ ತಂಡವೂ ಇದೇ ತಪ್ಪುಗಳನ್ನು ಮಾಡಬಲ್ಲದು ಎಂಬುದನ್ನು ಮರೆಯಬಾರದು. ಮಾದರಿ ಕಟ್ಟುವಾಗಲೂ ಇನ್ನೊಂದು ಜರಡಿ ಇದೆ: ನೆರೆಹೊರೆಯ ಬಿಂದುಗಳೊಡನೆ ಹೊಂದದೆ ಒಂಟಿಯಾಗಿ ಜಿಗಿಯುವ ಬಿಂದುವನ್ನು, ಯಾರೇ ಅಳೆದಿರಲಿ, ಬದಿಗಿಡಲಾಗುತ್ತದೆ.

ಎರಡನೆಯ ಆಕ್ಷೇಪ ನನಗೆ ಇನ್ನಷ್ಟು ಗಟ್ಟಿಯಾಗಿ ಕಾಣುತ್ತದೆ. ಸ್ವಇಚ್ಛೆಯಿಂದ ದುಡಿಯುವವರು ತಮಗೆ ಅನುಕೂಲವಾದ ಕಡೆಗೇ ಹೋಗುತ್ತಾರೆ. ಊರಿನ ಬಳಿ, ರಸ್ತೆಯ ಬದಿ, ಸರ್ವೇಯರುಗಳು ಹೆಚ್ಚಿರುವ ರಾಜ್ಯಗಳಲ್ಲಿ ಬಿಂದುಗಳು ದಟ್ಟವಾಗುತ್ತವೆ. ಬೆಟ್ಟ, ಮರುಭೂಮಿ, ಹೊಲಗಳ ನಡುವೆ ಹಾಗೇ ಖಾಲಿ. ಮಾದರಿಗೆ ಬೇಕಾದದ್ದಾದರೋ ಸಮನಾದ ಹರವು. ವಿಸ್ಕಾನ್ಸಿನ್, ಮಿನ್ನೆಸೋಟದಂಥ ಕೆಲವು ರಾಜ್ಯಗಳು ಎತ್ತರದ ಅಳತೆಗಳ ಆಧುನೀಕರಣ ನಡೆಸಿದ್ದರಿಂದ ಅಲ್ಲಿ ಮೊದಲೇ ಬಿಂದುಗಳು ಸಾಕಷ್ಟಿದ್ದವು; ಅವುಗಳ ಆಚೆ ಖಾಲಿ ಜಾಗ ಎದ್ದು ಕಾಣುತ್ತಿತ್ತು. ಹಾಗಾಗಿ ಸಂಸ್ಥೆ ತನ್ನ ಕರೆಯನ್ನು ತಿದ್ದಿಕೊಂಡಿತು. ಎಲ್ಲಾದರೂ ಅಳೆಯಿರಿ ಎಂಬುದನ್ನು ಬಿಟ್ಟು, ಎಲ್ಲಿ ಅಳತೆ ಬೇಕಾಗಿದೆ, ಎಲ್ಲಿ ಹಳೆಯ ಅಳತೆ ಅನುಮಾನಾಸ್ಪದವಾಗಿದೆ ಎಂದು ಲೆಕ್ಕ ಹಾಕಿ ಆದ್ಯತೆಯ ಬಿಂದುಗಳ ಪಟ್ಟಿ ಮತ್ತು ನಕ್ಷೆ ತಯಾರಿಸಿತು. ದೇಶವನ್ನು ಷಟ್ಕೋನಗಳಾಗಿ ಹಂಚಿ, ಯಾವುದರಲ್ಲಿ ಕೆಲಸ ಮುಗಿದಿದೆ, ಯಾವುದರಲ್ಲಿ ಇನ್ನೊಂದು ವೀಕ್ಷಣೆ ಬೇಕು ಎಂಬುದನ್ನು ಬಣ್ಣದಲ್ಲಿ ತೋರಿಸಿತು. ಸರ್ವೇಯರಿಗೆ ತನ್ನ ಜಿಲ್ಲೆಯ ಯಾವ ಬಿಲ್ಲೆ ದೇಶಕ್ಕೆ ಬೇಕಾಗಿದೆ ಎಂದು ಹೆಸರು ಹಿಡಿದು ಹೇಳಿದಂತಾಯಿತು. 2019 ರಲ್ಲಿ ಬಂದ ಜಿಯಾಯ್ಡ್18 ರಲ್ಲಿ 32,000 ಕ್ಕೂ ಹೆಚ್ಚು ಜೋಡಿ ಬಿಂದುಗಳು ಬಳಕೆಯಾದವು. ಅವೆಲ್ಲ ಸ್ವಯಂಸೇವಕರ ಕೊಡುಗೆಯೆಂದು ಹೇಳುವುದು ಸುಳ್ಳಾಗುತ್ತದೆ; ದೊಡ್ಡ ಪಾಲು ಹಿಂದಿನ ದಶಕಗಳಲ್ಲಿ ಸಂಸ್ಥೆ ಮತ್ತು ರಾಜ್ಯಗಳು ನಡೆಸಿದ ಸರ್ವೆಗಳಿಂದ ಬಂದದ್ದು. ಆಪಸ್ ಮೂಲಕ ಬಂದ ವೀಕ್ಷಣೆಗಳು ಬೇಕಾದ ಜಾಗದಲ್ಲಿ ಸೇರಿಕೊಂಡವು ಎಂಬುದೇ ಅವುಗಳ ಹೆಚ್ಚುಗಾರಿಕೆ. ಆಕ್ಷೇಪ ಪೂರ್ತಿ ಕರಗಿತೆಂದೂ ಹೇಳಲಾರೆ. ಜಿಯಾಯ್ಡ್18 ಮುಖ್ಯ ಭೂಭಾಗಕ್ಕೂ ಪೋರ್ಟೊ ರಿಕೊ ಹಾಗೂ ವರ್ಜಿನ್ ದ್ವೀಪಗಳಿಗೂ ಮಾತ್ರ ಬಂತು. ಅಲಾಸ್ಕ ಹಿಂದಿನ ಮಾದರಿಯಲ್ಲೇ ಉಳಿಯಿತು. ದಾರಿಯೇ ಇಲ್ಲದ ನಾಡಿನ ಅಳತೆ ಬಿಡುವಿನ ವೇಳೆಯ ಉದಾರತೆಯಿಂದ ಆಗುವಂಥದ್ದಲ್ಲ.

ಮೂರನೆಯದು ತತ್ತ್ವದ ಪ್ರಶ್ನೆ. 1988 ರ ವ್ಯವಸ್ಥೆ ವಾಲಿದೆ ಎಂದು ಗೊತ್ತಿದ್ದೂ, ಒಳ್ಳೆಯ ಗುರುತ್ವದ ಮಾದರಿಯನ್ನು ಅದಕ್ಕೆ ತಾಗುವಂತೆ ಬಾಗಿಸುವುದು ತಪ್ಪನ್ನು ಶಾಶ್ವತಗೊಳಿಸಿದಂತಲ್ಲವೇ? ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಎತ್ತರದ ವ್ಯವಸ್ಥೆಗೆ ಎರಡು ಕೆಲಸಗಳಿವೆ: ನಿಸರ್ಗದೊಡನೆ ಹೊಂದುವುದು, ಜನ ಈಗಾಗಲೇ ಬಳಸುತ್ತಿರುವ ಅಂಕಿಗಳೊಡನೆ ಹೊಂದುವುದು. ಎರಡನೆಯದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂ ಆರ್ಲಿಯನ್ಸ್ ಸಾಕ್ಷಿ. 2005 ರ ಕತ್ರೀನಾ ಚಂಡಮಾರುತದ ನಂತರ ನಡೆದ ಸರ್ಕಾರಿ ತನಿಖೆ, ಊರಿನ ಕೆಲವು ಕಾಲುವೆಗಳ ಪ್ರವಾಹಗೋಡೆಗಳು ಉದ್ದೇಶಿಸಿದ್ದಕ್ಕಿಂತ 1 ರಿಂದ 2 ಅಡಿ ಕೆಳಗಿದ್ದುದನ್ನು ತೋರಿಸಿತು. ಎತ್ತರದ ವ್ಯವಸ್ಥೆಯ ಸೊನ್ನೆಯೂ ಅಲ್ಲಿನ ಸರಾಸರಿ ಸಮುದ್ರ ಮಟ್ಟವೂ ಒಂದೇ ಎಂದು ಎಣಿಸಿದ್ದು ಅದಕ್ಕೆ ಕಾರಣಗಳಲ್ಲೊಂದು. ಒಂದು ವ್ಯವಸ್ಥೆಯ ಅಂಕಿಯನ್ನು ಇನ್ನೊಂದರ ಅಂಕಿಯೆಂದು ಓದಿದ ತಪ್ಪು ಅದು. ನೆಲ ಕುಸಿಯುವ ಕಡೆ ಇದು ಇನ್ನೂ ಕಠಿಣ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಒಂದು ಜಾಗದಲ್ಲಿ ಅಂತರ್ಜಲ ಮೇಲೆತ್ತಿದ್ದರಿಂದ 1925 ಮತ್ತು 1977 ರ ನಡುವೆ ನೆಲ ಸುಮಾರು 9 ಮೀಟರ್ ಇಳಿಯಿತು. ಲೂಯಿಸಿಯಾನದ ಕರಾವಳಿಯಲ್ಲಿ, ಹ್ಯೂಸ್ಟನ್ ಸುತ್ತಮುತ್ತ ಬೆಂಚ್ ಮಾರ್ಕುಗಳು ತಾವೇ ಇಳಿಯುತ್ತಿವೆ. ಇಂಥ ಕಡೆ ಹಳೆಯ ಲೆವೆಲಿಂಗ್ ಎತ್ತರ ಅಳತೆಯಾದ ದಿನದ ಸತ್ಯ. ಇಂದಿನ ಜಿಪಿಎಸ್ ವೀಕ್ಷಣೆ ಅದು ಇಂದೂ ಸತ್ಯವೇ ಎಂಬುದನ್ನು ಹೊರಗೆಡಹುತ್ತದೆ. ನಾಲ್ಕು ಗಂಟೆಯ ಒಂದು ಕಡತದಿಂದ ಬೆಂಚ್ ಮಾರ್ಕನ್ನು ನಂಬಬಾರದು ಎಂದು ತಿಳಿದರೆ, ಅದೂ ದೊಡ್ಡ ಲಾಭವೇ. ಬಾಗಿಸುವ ಕ್ರಿಯೆಯನ್ನು ಮುಚ್ಚಿಟ್ಟರೆ ಅದು ಮೋಸವಾಗುತ್ತಿತ್ತು. ಸಂಸ್ಥೆ ಗುರುತ್ವದಿಂದ ಮಾತ್ರ ಕಟ್ಟಿದ ಮಾದರಿಯನ್ನೂ ಮಿಶ್ರ ಮಾದರಿಯನ್ನೂ ಬೇರೆಬೇರೆಯಾಗಿ ಪ್ರಕಟಿಸಿದೆ.

ಕಡೆಯ ಆಕ್ಷೇಪ ಹಣದ್ದು. ಸರ್ಕಾರ ತಾನು ಮಾಡಬೇಕಾದ ಕೆಲಸವನ್ನು ವೃತ್ತಿನಿರತರ ತಲೆಗೆ ಉಚಿತವಾಗಿ ಕಟ್ಟುತ್ತಿದೆ ಎಂಬ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಒಂದು ವೀಕ್ಷಣೆಗೆ ಗಾಡಿ, ಇಂಧನ, ಉಪಕರಣ, ನಾಲ್ಕು ಗಂಟೆಯ ಕಾವಲು ಬೇಕು. ಎರಡು ಸಲ ಹೋಗಬೇಕು. ಬಿಲ್ಲೆ ಮರದ ಕೆಳಗಿದ್ದರೆ, ಗೋಡೆಗೆ ಅಡ್ಡವಾಗಿ ಬಡಿದದ್ದಿದ್ದರೆ, ಹೋದದ್ದೇ ವ್ಯರ್ಥ. ಆದರೆ ಕೊಟ್ಟವರಿಗೂ ಏನೋ ಮರಳಿ ಬರುತ್ತದೆ ಎಂಬುದನ್ನು ಕಾಣಬೇಕು. ಆ ಸರ್ವೇಯರ್ ನಾಳೆ ಅದೇ ಊರಿನಲ್ಲಿ ಚರಂಡಿಯ ಇಳಿಜಾರು ಹಾಕುವಾಗ, ಪ್ರವಾಹ ವಿಮೆಗೆ ಮನೆಯ ಎತ್ತರದ ಪ್ರಮಾಣಪತ್ರ ಬರೆಯುವಾಗ ಬಳಸುವುದು ಅದೇ ಮಾದರಿಯನ್ನು. ತನ್ನ ಸುತ್ತಲಿನ ಬಿಂದುಗಳಿಂದ ಮಾದರಿ ಸರಿಯಾಗಿ ಕೂತರೆ ಮೊದಲ ಪ್ರಯೋಜನ ಅವನಿಗೇ, ಅವನ ಊರಿಗೇ. ಕೆರೆಯ ಹೂಳನ್ನು ಅಚ್ಚುಕಟ್ಟಿನ ರೈತರೇ ಎತ್ತುತ್ತಿದ್ದ ನಮ್ಮ ಹಳೆಯ ಪದ್ಧತಿಗೆ ಇದು ಹತ್ತಿರ: ಏರಿ ಕಟ್ಟಿಸಿದ್ದು ಬೇರೆಯವರಾದರೂ ನೀರು ಹಾಯುವುದು ತಮ್ಮ ಗದ್ದೆಗೆ. ಹಾಗೆಂದು ಏರಿಯನ್ನೂ ರೈತರೇ ಕಟ್ಟಿಕೊಳ್ಳಲಿ ಎನ್ನಲಾಗದು. ಗುರುತ್ವ ಅಳೆಯುವ ವಿಮಾನ, ಸದಾ ಉಪಗ್ರಹ ಆಲಿಸುವ ಕಾಯಂ ಕೇಂದ್ರಗಳು, ಲೆಕ್ಕದ ತಂತ್ರಾಂಶ, ಅದನ್ನು ಬಲ್ಲ ವಿಜ್ಞಾನಿಗಳು ಇಲ್ಲದಿದ್ದರೆ ಸ್ವಯಂಸೇವಕರ ಕಡತಗಳಿಗೆ ಬೆಲೆಯೇ ಇಲ್ಲ. ಈ ಯಶಸ್ಸನ್ನು ತೋರಿಸಿ ಸಂಸ್ಥೆಯ ಅನುದಾನ ಕತ್ತರಿಸಬಹುದೆಂದು ಯಾರಾದರೂ ಹೇಳಿದರೆ ಅವರು ಈ ವ್ಯವಸ್ಥೆಯನ್ನು ತಲೆಕೆಳಗಾಗಿ ಓದಿದ್ದಾರೆ.

ಜಿಯಾಯ್ಡ್18 ಬಂದ ಮೇಲೆ ಕೆಲಸದ ಗುರಿ ಬದಲಾಯಿತು. 1988 ರ ವ್ಯವಸ್ಥೆಯ ಜಾಗಕ್ಕೆ, ಗುರುತ್ವದಿಂದ ಕಟ್ಟಿದ, 2022 ರ ಹೆಸರು ಹೊತ್ತ ಹೊಸ ವ್ಯವಸ್ಥೆ ಬರಬೇಕಿತ್ತು. ಹೆಸರಿನ ವರ್ಷ ದಾಟಿದರೂ ಅದು ಬಳಕೆಗೆ ಬಂದಿರಲಿಲ್ಲ. ಕೆನಡಾ ಈ ದಾರಿಯನ್ನು 2013 ರಲ್ಲೇ ಹಿಡಿದಿತ್ತು. ಹೊಸದು ಬಂದರೆ ಬೆಂಚ್ ಮಾರ್ಕುಗಳನ್ನು ಆಧಾರವಾಗಿ ನಂಬಬೇಕಾಗಿಲ್ಲ. ಹಾಗಿದ್ದರೆ ಅವುಗಳ ಮೇಲೆ ಇನ್ನೂ ಅಳೆಯುವುದೇಕೆ ಎಂದು ಕೇಳುವವರಿದ್ದಾರೆ. ಕಾರಣ ಸರಳ. ಮೂವತ್ತು ವರ್ಷಗಳ ಸೇತುವೆ, ಅಣೆಕಟ್ಟು, ಒಳಚರಂಡಿ, ಪ್ರವಾಹ ನಕ್ಷೆಗಳು ಹಳೆಯ ಎತ್ತರದಲ್ಲಿವೆ. ಅವುಗಳನ್ನು ಹೊಸದಕ್ಕೆ ತಿರುಗಿಸಲು ಎರಡೂ ವ್ಯವಸ್ಥೆಗಳಲ್ಲಿ ಎತ್ತರ ತಿಳಿದ ಬಿಂದುಗಳು ಬೇಕು. ಮಿಶ್ರ ಮಾದರಿಗೆ ಬೇಕಾಗಿದ್ದ ಜೋಡಿ ಬಿಂದುಗಳೇ ಈ ಪರಿವರ್ತನೆಗೂ ಬೇಕು, ಇನ್ನೂ ದಟ್ಟವಾಗಿ ಬೇಕು. ಆದ್ಯತೆಯ ನಕ್ಷೆ 10 ಕಿಲೋಮೀಟರಿನ ಜಾಲರಿಯಿಂದ ಕೆಲವು ಕಡೆ 2 ಕಿಲೋಮೀಟರಿನ ಜಾಲರಿಗೆ ಇಳಿದದ್ದು ಇದಕ್ಕಾಗಿ. ಸಂಸ್ಥೆಯ ಪರಿವರ್ತನಾ ತಂತ್ರಾಂಶ ತಿರುಗಿಸಿದ ಎತ್ತರದ ಜೊತೆಗೆ ಅದರ ಅನಿಶ್ಚಿತತೆಯನ್ನೂ ಕೊಡುತ್ತದೆ. ಯಾರಾದರೂ ಟ್ರೈಪಾಡ್ ನಿಲ್ಲಿಸಿದ ಜಾಗದಲ್ಲಿ ಆ ಎರಡನೆಯ ಅಂಕಿ ಚಿಕ್ಕದಾಗಿರುತ್ತದೆ. ಯಾರೂ ಹೋಗದ ಜಾಗದಲ್ಲಿ ಪಕ್ಕದ ಬಿಂದುಗಳಿಂದ ಊಹಿಸಿದ್ದಾದ್ದರಿಂದ ದೊಡ್ಡದಾಗಿರುತ್ತದೆ, ಅಲ್ಲಿ ಹಳೆಯ ಒಡ್ಡಿನ ನಕ್ಷೆಯನ್ನು ಹೊಸ ಎತ್ತರಕ್ಕೆ ತಿರುಗಿಸುವ ಎಂಜಿನಿಯರ್ ಮತ್ತೆ ಸ್ಥಳಕ್ಕೆ ಹೋಗಿ ಅಳೆಯಬೇಕಾಗುತ್ತದೆ.